ಸಿಹಿಯ ಊರಲ್ಲಿ ಡ್ರೈ ವೈನ್: ತೊಕಾಯ್‌ನ ಫುರ್ಮಿಂಟ್, ಒಂದು ಪ್ರಕರಣ ಅಧ್ಯಯನ

ತೊಕಾಯ್ ಅಂದ ಕೂಡಲೇ ವೈನ್ ಬಲ್ಲವರಿಗೆ ನೆನಪಾಗುವುದು ಸಿಹಿ. ಹಂಗೇರಿಯ ರಾಷ್ಟ್ರಗೀತೆಯಲ್ಲೇ, ತೊಕಾಯ್ ಬಳ್ಳಿಗಳಲ್ಲಿ ಅಮೃತ ತೊಟ್ಟಿಕ್ಕಿಸಿದ್ದಕ್ಕೆ ದೇವರನ್ನು ನೆನೆಯುವ ಸಾಲೊಂದಿದೆ. ಅಂಥ ಊರಿನ ಬೆಳೆಗಾರರು ಈಗ ತಮ್ಮ ಒಳ್ಳೊಳ್ಳೆಯ ತೋಟಗಳ ಹಣ್ಣನ್ನು ಸಕ್ಕರೆ ಉಳಿಯದ, ಅಂದರೆ ಡ್ರೈ, ಬಿಳಿ ವೈನ್‌ಗೆ ಹಾಕುತ್ತಿದ್ದಾರೆ. ಇದು ಯಾಕಾಯಿತು, ಹೇಗಾಯಿತು, ಎಲ್ಲಿ ಇನ್ನೂ ತೊಡಕಿದೆ ಎಂದು ನೋಡುವುದು ಈ ಬರಹದ ಕೆಲಸ. ಇಡೀ ಪ್ರದೇಶವನ್ನು ಒಟ್ಟಿಗೆ ಎತ್ತಿಕೊಂಡರೆ ಯಾವುದೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಮಾದ್ ಎಂಬ ಒಂದು ಹಳ್ಳಿ, ಫುರ್ಮಿಂಟ್ ಎಂಬ ಒಂದು ದ್ರಾಕ್ಷಿ, 2000ದ ಒಂದು ಕೊಯ್ಲು, ಇಷ್ಟನ್ನು ಹಿಡಿದುಕೊಂಡು ಹೋಗೋಣ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡ್ರೈ ಫುರ್ಮಿಂಟ್ ತೊಕಾಯ್‌ಗೆ ಹೊಸದೇನೂ ಆಗಿರಲಿಲ್ಲ. ಅದಕ್ಕೆ ಒಳ್ಳೆಯ ತೋಟವನ್ನು ಯಾರೂ ಕೊಟ್ಟಿರಲಿಲ್ಲ, ಅಷ್ಟೇ.

ಊರು, ದ್ರಾಕ್ಷಿ, ಬೂಷ್ಟು

ತೊಕಾಯ್ ಪ್ರದೇಶ ಇರುವುದು ಬುಡಾಪೆಸ್ಟ್‌ನಿಂದ ಈಶಾನ್ಯಕ್ಕೆ, 200 ಕಿಲೋಮೀಟರ್ ದಾಟಿದ ಮೇಲೆ, ಜೆಂಪ್ಲೇನ್ ಬೆಟ್ಟಗಳ ಬುಡದಲ್ಲಿ. ಬೊದ್ರೊಗ್ ಮತ್ತು ತಿಸಾ ಎಂಬ ಎರಡು ನದಿಗಳು ಕೂಡುವ ಕಡೆ ತೊಕಾಯ್ ಪಟ್ಟಣ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಬೆಟ್ಟಗಳ ನಡುವೆ, ಮಾದ್. ಎರಡು ಸಾವಿರ ಜನರ ಆಸುಪಾಸಿನ ಹಳ್ಳಿ ಅದು. ನೆಲ ಹಳೆಯ ಜ್ವಾಲಾಮುಖಿಗಳದ್ದು: ರಯೋಲೈಟ್, ಆಂಡಸೈಟ್, ಗಟ್ಟಿಯಾದ ಬೂದಿಕಲ್ಲು, ಅದರ ಮೇಲೆ ಜೇಡಿ. ತೊಕಾಯ್ ಪಟ್ಟಣದ ಹಿಂದಿನ ಬೆಟ್ಟದಲ್ಲಿ ಮಾತ್ರ ಗಾಳಿ ತಂದು ಹಾಕಿದ ನುಣುಪಾದ ಲೋಯಸ್ ಮಣ್ಣು ದಪ್ಪಗಿದೆ. ಈ ವ್ಯತ್ಯಾಸ ವೈನ್‌ನಲ್ಲೂ ಕಾಣುತ್ತದೆ. ಲೋಯಸ್ ಮೇಲಿನದು ಮೆದು. ಮಾದ್‌ನದು ಬಿಗಿ, ಕೊನೆಯಲ್ಲಿ ತುಸು ಉಪ್ಪುಪ್ಪು.

1737ರಲ್ಲೇ ರಾಜಾಜ್ಞೆ ಹೊರಡಿಸಿ, ಯಾವ ಯಾವ ಊರಿನ ವೈನ್‌ಗೆ ತೊಕಾಯ್ ಹೆಸರು ಸಲ್ಲುತ್ತದೆ ಎಂದು ಗಡಿ ಹಾಕಿದ್ದರು. ಲೋಕದಲ್ಲಿ ಹೀಗೆ ಗಡಿ ಗುರುತಿಸಿಕೊಂಡ ಅತಿ ಹಳೆಯ ವೈನ್ ಪ್ರದೇಶಗಳಲ್ಲಿ ಇದೂ ಒಂದು. 2002ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಬೆಳೆಯಲು ಒಪ್ಪಿಗೆ ಇರುವುದು ಆರು ಬಿಳಿ ತಳಿಗಳಿಗೆ. ಅದರಲ್ಲಿ ಫುರ್ಮಿಂಟ್‌ನದೇ ಸಿಂಹಪಾಲು. ನಂತರ ಹಾರ್ಶ್‌ಲೆವೆಲ್ಯೂ. ಅದು ಫುರ್ಮಿಂಟ್‌ಗೇ ಹುಟ್ಟಿದ ತಳಿ ಎಂದು ಡಿಎನ್‌ಎ ಪರೀಕ್ಷೆ ತೋರಿಸಿದೆ. ಮೂರನೆಯದು ಹಳದಿ ಮಸ್ಕಟ್. ಉಳಿದ ಮೂರರ ಪಾಲು ಚಿಕ್ಕದು. ಫುರ್ಮಿಂಟ್ ಹಣ್ಣಾಗುವುದು ತಡ. ಸಕ್ಕರೆ ಚೆನ್ನಾಗಿ ಕೂಡುತ್ತದೆ, ಆದರೂ ಹುಳಿ ಇಳಿಯುವುದಿಲ್ಲ. ಸಿಹಿ ವೈನ್‌ಗೆ ಇದಕ್ಕಿಂತ ಬೇಕಾ? ಎಷ್ಟು ಸಕ್ಕರೆ ಇದ್ದರೂ ಹುಳಿ ಅದನ್ನು ಹೊತ್ತುಕೊಂಡು ನಿಲ್ಲುತ್ತದೆ.

ಇನ್ನು ಬೂಷ್ಟು. ಶರತ್ಕಾಲದ ಬೆಳಗ್ಗೆ ನದಿಗಳಿಂದ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲು, ಗಾಳಿ. ಈ ಹವೆಯಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿನ ಸಿಪ್ಪೆಯನ್ನು ತೂತು ಮಾಡುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಹಣ್ಣು ಒಣದ್ರಾಕ್ಷಿಯಂತೆ ಸುರುಟಿಕೊಳ್ಳುತ್ತದೆ. ಅದೇ ಅಸೂ. ಗೊಂಚಲಿನಿಂದ ಒಂದೊಂದೇ ಸುರುಟಿದ ಹಣ್ಣನ್ನು ಕೈಯಲ್ಲಿ ಬಿಡಿಸಬೇಕು. ಒಬ್ಬ ಆಳು ದಿನವಿಡೀ ದುಡಿದರೂ ಹತ್ತು ಕಿಲೋ ಆಸುಪಾಸು ಸಿಕ್ಕರೆ ಹೆಚ್ಚು. ಇದನ್ನು ಹುದುಗುವ ರಸದಲ್ಲೋ ಆಗಲೇ ಆದ ವೈನ್‌ನಲ್ಲೋ ನೆನೆಹಾಕಿ ಹಿಂಡುತ್ತಾರೆ. ಹಾಗೆ ಬರುವ ಸಿಹಿ ವೈನ್‌ಗೂ ಅಸೂ ಎಂದೇ ಹೆಸರು. ಹಳೆಯ ಲೆಕ್ಕದಲ್ಲಿ 136 ಲೀಟರ್‌ನ ಗೊಂತ್ಸ್ ಪೀಪಾಯಿಗೆ ಇಂತಿಷ್ಟು ಬುಟ್ಟಿ ಅಸೂ ಎಂದು ಅಳತೆ. ಆ ಬುಟ್ಟಿಗೆ ಪುತ್ತೋನ್ ಎಂದು ಹೆಸರು, ಒಂದಕ್ಕೆ ಸುಮಾರು 25 ಕಿಲೋ.

ಇಲ್ಲಿ ಒಂದು ವಿಷಯ ಗಮನಿಸಿ. ಅಸೂ ಹಣ್ಣು ನೆನೆಯಲು ಒಂದು ವೈನ್ ಬೇಕಲ್ವಾ? ಅದು ಹೆಚ್ಚಾಗಿ ಫುರ್ಮಿಂಟ್‌ನದೇ. ಅಂದರೆ ಸಾದಾ ಫುರ್ಮಿಂಟ್ ವೈನ್ ಈ ನೆಲಮಾಳಿಗೆಗಳಲ್ಲಿ ಶತಮಾನಗಳಿಂದ ಇತ್ತು. ಬೂಷ್ಟು ಬಾರದ ಹಣ್ಣಿನಿಂದ ಮಾಡಿದ ಮಾಮೂಲಿ ವೈನ್‌ಗೆ ಓರ್ದಿನಾರಿಯುಮ್ ಎನ್ನುತ್ತಿದ್ದರು. ಮನೆಯಲ್ಲಿ ಕುಡಿಯಲು, ಆಳುಗಳಿಗೆ ಕೊಡಲು, ಅಗ್ಗಕ್ಕೆ ಮಾರಲು. ಅದರ ಮೇಲೆ ತೋಟದ ಹೆಸರು ಬರೆಯುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಮಾರುಕಟ್ಟೆ ಕುಸಿದ ಕಥೆ

ತೊಕಾಯ್‌ನ ಪೆಟ್ಟುಗಳ ಪಟ್ಟಿ ಉದ್ದ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಪೋಲೆಂಡ್ ಹರಿದು ಹಂಚಿಹೋಯಿತು, ದೊಡ್ಡ ಗಿರಾಕಿ ಕೈತಪ್ಪಿತು. ಹತ್ತೊಂಬತ್ತನೆಯದರ ಕೊನೆಯಲ್ಲಿ ಫಿಲಾಕ್ಸೆರಾ ಹುಳು ಬಳ್ಳಿಗಳ ಬೇರು ತಿಂದಿತು. 1920ರ ಒಪ್ಪಂದದಲ್ಲಿ ಹಂಗೇರಿಯೇ ತುಂಡಾಯಿತು.

1944ರ ಮಾತು ಬೇರೆ, ಅದನ್ನು ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಈ ಊರುಗಳ ವೈನ್ ವ್ಯಾಪಾರದ ದೊಡ್ಡ ಪಾಲು ಯಹೂದಿ ಕುಟುಂಬಗಳ ಕೈಯಲ್ಲಿತ್ತು. ಮಾದ್‌ನಲ್ಲಿ 1795ರಲ್ಲಿ ಕಟ್ಟಿದ ಅವರ ಪ್ರಾರ್ಥನಾ ಮಂದಿರ ಇವತ್ತಿಗೂ ನಿಂತಿದೆ, ಚೆನ್ನಾಗಿ ದುರಸ್ತಿಯನ್ನೂ ಮಾಡಿದ್ದಾರೆ. ಅಲ್ಲಿ ಸೇರುತ್ತಿದ್ದ ಸಮುದಾಯ ಮಾತ್ರ ಇಲ್ಲ. 1944ರಲ್ಲಿ ಅವರನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಯಿತು. ಯಾವ ತೋಟದ ವೈನ್ ಯಾವ ಊರಿಗೆ ಹೋಗಬೇಕು, ಯಾರಿಗೆ ಯಾವ ರುಚಿ ಎಂದು ತಲೆಮಾರುಗಳಿಂದ ಬಲ್ಲ ಜನ ಒಂದೇ ವರ್ಷದಲ್ಲಿ ಇಲ್ಲವಾದರು.

ನಂತರ ಬಂದದ್ದು ಕಮ್ಯುನಿಸ್ಟ್ ಆಡಳಿತ. ತೋಟಗಳು ಸರ್ಕಾರಿ ಫಾರ್ಮ್‌ಗೆ, ಸಹಕಾರಿಗಳಿಗೆ ಸೇರಿದವು. ಕಡಿದಾದ ಇಳಿಜಾರು ಟ್ರ್ಯಾಕ್ಟರ್‌ಗೆ ಒಗ್ಗದು. ಹಾಗಾಗಿ ಒಳ್ಳೆಯ ಇಳಿಜಾರುಗಳನ್ನು ಪಾಳು ಬಿಟ್ಟು, ಕೆಳಗಿನ ಸಮತಟ್ಟಿನಲ್ಲಿ ಅಗಲ ಸಾಲು ಬಿಟ್ಟು ನೆಟ್ಟರು. ಜಾಸ್ತಿ ಕಾಯಿ ಬಿಡುವ ಫುರ್ಮಿಂಟ್ ಬಳ್ಳಿಗಳನ್ನೇ ಆರಿಸಿ ಹಬ್ಬಿಸಿದರು. ಸರಕಿನ ದೊಡ್ಡ ಪಾಲು ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. ಅಲ್ಲಿ ಕೇಳುತ್ತಿದ್ದದ್ದು ಪ್ರಮಾಣ.

1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅಷ್ಟರಲ್ಲಿ ಹೊರಗಿನ ಹಣ ಬರತೊಡಗಿತ್ತು. ಬ್ರಿಟಿಷ್ ವೈನ್ ಬರಹಗಾರ ಹ್ಯೂ ಜಾನ್ಸನ್ ಮತ್ತು ಗೆಳೆಯರು 1990ರಲ್ಲಿ ಮಾದ್‌ನಲ್ಲೇ ರಾಯಲ್ ತೊಕಾಯ್ ಕಂಪನಿ ಕಟ್ಟಿದರು. ಫ್ರೆಂಚ್ ವಿಮಾ ಕಂಪನಿ ಆಕ್ಸಾ ದಿಸ್ನೋಕೋ ತೋಟ ಕೊಂಡಿತು. ಸ್ಪೇನ್‌ನ ವೆಗಾ ಸಿಸಿಲಿಯಾ ಎಂಬ ವೈನ್ ಮನೆಯವರು ಒರೆಮುಶ್ ತೋಟಕ್ಕೆ ಬಂದರು. ಎಲ್ಲರ ಕಣ್ಣು ಇದ್ದದ್ದು ಅಸೂ ಮೇಲೆ. ಅಸೂ ಮೊದಲಿನ ಮಟ್ಟಕ್ಕೆ ಏರಿತು ಕೂಡ.

ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಬೂಷ್ಟು ಪ್ರತಿ ವರ್ಷ ಚೆನ್ನಾಗಿ ಬರುವುದಿಲ್ಲ. ಬಂದ ವರ್ಷವೂ ಕೂಲಿ ಖರ್ಚು ಭಾರಿ, ಸಿಗುವ ವೈನ್ ಸ್ವಲ್ಪ. ಅದನ್ನು ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡಬೇಕು. ಈಗಿನ ನಿಯಮದಲ್ಲೂ ಕನಿಷ್ಠ 18 ತಿಂಗಳು. ಅಷ್ಟೂ ಕಾಲ ದುಡ್ಡು ನೆಲಮಾಳಿಗೆಯಲ್ಲಿ ಮಲಗಿರುತ್ತದೆ. ಇತ್ತ ಜಗತ್ತಿನಲ್ಲಿ ಸಿಹಿ ವೈನ್ ಕುಡಿಯುವವರೇ ಕಡಿಮೆಯಾಗುತ್ತಿದ್ದರು. ಊಟದ ಕೊನೆಯಲ್ಲಿ ಒಂದು ಪುಟ್ಟ ಲೋಟ, ಅದೂ ಹಬ್ಬಕ್ಕೋ ಮದುವೆಗೋ. ಅರ್ಧ ಲೀಟರ್ ಬಾಟಲಿ ಒಂದು ಮನೆಯಲ್ಲಿ ಎಷ್ಟು ದಿನ ಬರುತ್ತದೆ ಎಂದು ಯೋಚಿಸಿ ನೋಡಿ.

ಈ ಸಂಕಟ ತೊಕಾಯ್ ಒಂದರದ್ದೇ ಅಲ್ಲ. ಸಿಹಿ ವೈನ್‌ಗೆ ಹೆಸರಾದ ಫ್ರಾನ್ಸ್‌ನ ಸೋಟೆರ್ನ್‌ನಲ್ಲಿ ಶಾತೋ ಡಿಕೆಮ್ ಎಂಬ ವೈನ್ ಮನೆ 1959ರಿಂದಲೇ ಒಂದು ಡ್ರೈ ವೈನ್ ಮಾಡುತ್ತಿದೆ. ಪೋರ್ಟ್ ಎಂಬ ಸಿಹಿ ವೈನ್‌ನ ನಾಡಾದ ಪೋರ್ಚುಗಲ್‌ನ ದೌರೊ ಕಣಿವೆಯೂ ಡ್ರೈ ಕೆಂಪು ವೈನ್‌ನಿಂದ ಇನ್ನೊಂದು ಬದುಕು ಕಂಡುಕೊಂಡಿತು.

2000ದ ಊರಾದ್ಯ

ಇಶ್ತ್ವಾನ್ ಸೆಪ್ಶಿ ಮಾದ್‌ನವರು. 1990ರ ದಶಕದಲ್ಲಿ ಅವರು ಮಾಡಿದ ಅಸೂಗಳೇ ಅವರಿಗೆ ಹೆಸರು ತಂದಿದ್ದವು. ಅಸೂ ಕಂಡುಹಿಡಿದವರು ಎಂದು ದಂತಕಥೆ ಹೇಳುವ ಹದಿನೇಳನೇ ಶತಮಾನದ ಪಾದ್ರಿ ಸೆಪ್ಶಿ ಲಾತ್ಸ್ಕೊ ಮಾತೇ ಜೊತೆ ಅವರ ಮನೆತನದ ಹೆಸರನ್ನು ಜೋಡಿಸಿ ಹೇಳುವುದು ರೂಢಿ. (ಅಸೂ ಮಾತು ಅದಕ್ಕೂ ಹಿಂದಿನ 1571ರ ಕಾಗದಪತ್ರದಲ್ಲೇ ಇದೆ. ಆದರೂ ಕಥೆ ಕಥೆಯೇ.) ಅಂಥ ಮನುಷ್ಯ 2000ದ ಕೊಯ್ಲಿನಲ್ಲಿ ಮಾದ್‌ನ ಊರಾದ್ಯ ಎಂಬ ತೋಟದ ಫುರ್ಮಿಂಟ್‌ನಿಂದ ಡ್ರೈ ವೈನ್ ಮಾಡಿ, ತೋಟದ ಹೆಸರಲ್ಲೇ ಬಾಟಲಿಗೆ ತುಂಬಿಸಿದರು. ತೊಕಾಯ್‌ನ ಹೊಸ ಡ್ರೈ ವೈನ್ ಎಲ್ಲಿಂದ ಶುರು ಎಂದು ಕೇಳಿದರೆ ವೈನ್ ಬರಹಗಾರರು ಬೊಟ್ಟು ಮಾಡುವುದು ಸಾಮಾನ್ಯವಾಗಿ ಇದನ್ನೇ.

ಇದರಲ್ಲಿ ಅಂಥ ದೊಡ್ಡದು ಏನು? ಡ್ರೈ ವೈನ್ ಮೊದಲೂ ಇತ್ತು ಎಂದೆನಲ್ಲ. ಇಲ್ಲಿ ಬದಲಾದದ್ದು ಹಣ್ಣಿನ ಆಯ್ಕೆ. ಅಲ್ಲಿಯವರೆಗೆ ಒಳ್ಳೆಯ ತೋಟದ ಒಳ್ಳೆಯ ಹಣ್ಣು ಅಸೂಗೆ ಕಾಯುತ್ತಿತ್ತು. ಉಳಿದದ್ದು, ಮಳೆಗೆ ಸಿಕ್ಕಿದ್ದು, ಕೆಳಗಿನ ಹೊಲದ್ದು ಡ್ರೈ ವೈನ್‌ಗೆ. ಊರಾದ್ಯದಲ್ಲಿ ಮೊದಲಿಂದಲೇ ಡ್ರೈ ವೈನ್‌ಗೆಂದು ಹಣ್ಣು ಬೆಳೆಸಿ, ಬೂಷ್ಟು ಹತ್ತುವ ಮುಂಚೆ ಕೊಯ್ದು, ಪೀಪಾಯಿಯಲ್ಲಿ ಹುದುಗಿಸಿದರು. ಫುರ್ಮಿಂಟ್ ಸಕ್ಕರೆಯ ಆಸರೆ ಇಲ್ಲದೆಯೂ ದೊಡ್ಡ ವೈನ್ ಆಗಬಲ್ಲದು, ವರ್ಷಗಟ್ಟಲೆ ಇಟ್ಟರೂ ಕೆಡದು ಎಂದು ಅದು ತೋರಿಸಿತು.

ನಂತರದ ವರ್ಷಗಳಲ್ಲಿ ತೋಟಗಳ ಹೆಸರುಗಳು ಒಂದೊಂದಾಗಿ ಲೇಬಲ್‌ಗೆ ಬಂದವು: ಮಾದ್‌ನ ಸೆಂಟ್ ತಮಾಶ್, ಬೆಚೆಕ್, ನ್ಯುಲಾಸೋ, ಕಿರಾಯ್, ಬೊದ್ರೊಗ್‌ಕೆರೆಸ್ತೂರ್‌ನ ಲಾಪಿಶ್. ಹದಿನೆಂಟನೇ ಶತಮಾನದಲ್ಲೇ ಇಲ್ಲಿನ ತೋಟಗಳನ್ನು ಒಂದನೇ ದರ್ಜೆ, ಎರಡನೇ ದರ್ಜೆ ಎಂದು ವಿಂಗಡಿಸಿದ್ದರು. ಸೋವಿಯತ್ ಕಾಲದಲ್ಲಿ ಆ ಹೆಸರುಗಳೆಲ್ಲ ಒಂದೇ ತೊಟ್ಟಿಯಲ್ಲಿ ಕಲಸಿಹೋಗಿದ್ದವು. ಅಸೂನಲ್ಲಿ ಸಕ್ಕರೆ ಮತ್ತು ಬೂಷ್ಟಿನ ರುಚಿ ಎಷ್ಟು ಗಟ್ಟಿ ಎಂದರೆ, ಅದರ ಕೆಳಗೆ ಮಣ್ಣಿನ ವ್ಯತ್ಯಾಸ ಹುಡುಕಲು ಪಳಗಿದ ನಾಲಿಗೆ ಬೇಕು. ಡ್ರೈ ವೈನ್‌ನಲ್ಲಿ ಅಡಗಿಸಿಕೊಳ್ಳಲು ಜಾಗವಿಲ್ಲ. ಪಕ್ಕಪಕ್ಕದ ಎರಡು ತೋಟಗಳ ಫುರ್ಮಿಂಟ್ ಎರಡು ಲೋಟದಲ್ಲಿ ಇಟ್ಟರೆ ಹೊಸಬರಿಗೂ ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಹಳೆಯ ತೋಟಗಳ ಹೆಸರಿಗೆ ಮತ್ತೆ ಬೆಲೆ ಬಂದದ್ದರಲ್ಲಿ ಡ್ರೈ ವೈನ್‌ನ ಪಾಲು ಅಸೂಗಿಂತ ದೊಡ್ಡದು ಎಂದೇ ನಾನು ಹೇಳುತ್ತೇನೆ. ಅಸೂ ಅಭಿಮಾನಿಗಳು ಒಪ್ಪದಿರಬಹುದು.

ತೋಟದಲ್ಲಿ ಮಾಡಿದ ಬದಲಾವಣೆ

ನೆಲಮಾಳಿಗೆಯ ತಂತ್ರಗಳ ಬಗ್ಗೆ ಜನ ಬಹಳ ಬರೆಯುತ್ತಾರೆ. ಸ್ಟೀಲ್ ಟ್ಯಾಂಕೋ ಪೀಪಾಯಿಯೋ, ಕಾಡು ಯೀಸ್ಟೋ ಕೊಂಡದ್ದೋ ಎಂದು. ಈ ಪ್ರಕರಣದಲ್ಲಿ ನಿಜವಾದ ಕೆಲಸ ನಡೆದದ್ದು ಹೊರಗೆ, ಬಿಸಿಲಲ್ಲಿ.

ಫುರ್ಮಿಂಟ್‌ಗೆ ಬಿಟ್ಟಷ್ಟೂ ಕಾಯಿ ಬಿಡುವ ಗುಣ. ಹೆಚ್ಚು ಬಿಟ್ಟರೆ ಹುಳಿ ಮಾತ್ರ ಇರುವ, ರುಚಿಯೇ ಇಲ್ಲದ ತೆಳು ವೈನ್ ಆಗುತ್ತದೆ. ಸಿಹಿ ವೈನ್‌ನಲ್ಲಿ ಬೂಷ್ಟು ಬಂದು ಈ ತಪ್ಪನ್ನು ತಿದ್ದುತ್ತಿತ್ತು, ನೀರು ಹೀರಿ ಸಾರ ಗಟ್ಟಿ ಮಾಡುತ್ತಿತ್ತು. ಡ್ರೈ ವೈನ್‌ಗೆ ಆ ಸಹಾಯ ಇಲ್ಲ. ಆದ್ದರಿಂದ ಚಳಿಗಾಲದಲ್ಲಿ ಚಾಟನಿ, ಅಂದರೆ ಬಳ್ಳಿ ಸವರುವುದು, ಬಿಗಿಯಾಗಬೇಕು. ಬೇಸಿಗೆಯಲ್ಲಿ ಹಸಿರು ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಹಾಕಬೇಕು. ಹಳೆಯ ತೋಟಗಳಲ್ಲಿ ಉಳಿದಿದ್ದ, ಸಣ್ಣ ಸಡಿಲ ಗೊಂಚಲು ಬಿಡುವ ಬಳ್ಳಿಗಳನ್ನು ಹುಡುಕಿ ಅವುಗಳ ಕಡ್ಡಿಯಿಂದ ಸಸಿ ಮಾಡಬೇಕು. ಪಾಳು ಬಿದ್ದ ಇಳಿಜಾರುಗಳಲ್ಲಿ ಕಲ್ಲಿನ ತಡೆಗೋಡೆ ಎತ್ತಿ ಮತ್ತೆ ನೆಡಬೇಕು. ಮಾದ್‌ನ ಮೇಲಿನ ಕಿರಾಯ್ ಇಳಿಜಾರಿನ ಹಳೆಯ ಮೆಟ್ಟಿಲುತೋಟಗಳು ಹಾಗೆ ಮರಳಿ ಬಂದವು. ಇದಕ್ಕೆಲ್ಲ ವರ್ಷಗಳು ಹಿಡಿಯುತ್ತವೆ. ಹೊಸದಾಗಿ ನೆಟ್ಟ ಬಳ್ಳಿ ಸರಿಯಾದ ಫಸಲು ಕೊಡಲೇ ನಾಲ್ಕೈದು ವರ್ಷ ಬೇಕು.

ಕೊಯ್ಲಿನ ಪಂಚಾಂಗವೂ ಬದಲಾಯಿತು. ಹಿಂದೆ ಇಲ್ಲಿ ಕೊಯ್ಲು ಶುರುವಾಗುತ್ತಿದ್ದದ್ದು ಅಕ್ಟೋಬರ್ 28ಕ್ಕೆ, ಸಂತ ಸೈಮನ್ ಮತ್ತು ಜೂಡ್ ಹಬ್ಬದ ದಿನ. ಅಷ್ಟು ಹೊತ್ತಿಗೆ ಬೂಷ್ಟು ಬಂದಿರುತ್ತಿತ್ತು. ಈಗ ಡ್ರೈ ವೈನ್‌ನ ಹಣ್ಣು ಸೆಪ್ಟೆಂಬರ್‌ನಲ್ಲೇ ಬುಟ್ಟಿಗೆ ಬೀಳುತ್ತದೆ.

ಮಂಜು ಎಂಬ ತಲೆನೋವು

ಈ ಪ್ರಕರಣದ ಕಠಿಣ ಭಾಗ ಇದು. ಅಸೂಗೆ ವರವಾದ ಮಂಜು ಡ್ರೈ ವೈನ್‌ಗೆ ಶಾಪ. ಬೂಷ್ಟು ಹತ್ತಿದ ಹಣ್ಣು ಸ್ವಲ್ಪ ಸೇರಿದರೂ ರಸ ಬೇರೆಯೇ ಆಗುತ್ತದೆ. ಗ್ಲಿಸರಾಲ್ ಹೆಚ್ಚಿ ವೈನ್ ದಪ್ಪಗಾಗುತ್ತದೆ. ಬೂಷ್ಟಿನ ಲ್ಯಾಕೇಸ್ ಕಿಣ್ವದಿಂದ ಬಣ್ಣ ಕಂದುತ್ತದೆ. ಯೀಸ್ಟ್‌ಗೆ ಬೇಕಾದ ಪೋಷಕಾಂಶಗಳನ್ನು ಬೂಷ್ಟೇ ತಿಂದಿರುತ್ತದೆ, ಹಾಗಾಗಿ ಹುದುಗುವಿಕೆ ಅರ್ಧದಲ್ಲಿ ನಿಂತು ಸಕ್ಕರೆ ಉಳಿಯುತ್ತದೆ. ಪೂರ್ತಿ ಹುದುಗಿದರೆ ಆಲ್ಕೋಹಾಲ್ 14, 15 ಶೇಕಡಾಗೆ ಏರಿ ಗಂಟಲು ಸುಡುತ್ತದೆ.

ಬೇಗ ಕೊಯ್ದರೆ ಮುಗಿಯಿತಲ್ಲ ಎನ್ನಬಹುದು. ಫುರ್ಮಿಂಟ್ ತಡವಾಗಿ ಹಣ್ಣಾಗುವ ತಳಿ ಎಂಬುದನ್ನು ಮರೆಯಬಾರದು. ತೀರಾ ಬೇಗ ಕೊಯ್ದರೆ ಹುಳಿ ಹಲ್ಲು ಚುಳ್ ಎನ್ನಿಸುತ್ತದೆ, ಹಣ್ಣಿನ ರುಚಿ ಬಂದಿರುವುದಿಲ್ಲ. ಹಣ್ಣಾಗುವುದಕ್ಕೂ ಬೂಷ್ಟು ಬರುವುದಕ್ಕೂ ನಡುವೆ ಸಿಗುವ ಕಿಂಡಿ ಬಲು ಸಣ್ಣದು. ಅದೂ ಒಂದೇ ತೋಟದಲ್ಲಿ ಮೇಲಿನ ಸಾಲಿಗೆ ಬೇರೆ, ಕೆಳಗಿನ ಸಾಲಿಗೆ ಬೇರೆ. ಎತ್ತರದ, ಗಾಳಿ ಆಡುವ ಜಾಗ ಡ್ರೈ ವೈನ್‌ಗೆ, ನದಿಯತ್ತ ಮುಖ ಮಾಡಿದ ಕೆಳಗಿನ ಜಾಗ ಅಸೂಗೆ ಎಂದು ಪಾಲು ಮಾಡಿಕೊಳ್ಳುವುದು ಒಂದು ದಾರಿ. ಅದೇ ಬಳ್ಳಿಯಿಂದ ಮೊದಲು ಶುದ್ಧ ಗೊಂಚಲು ಕೊಯ್ದು, ಉಳಿದದ್ದನ್ನು ಅಸೂಗೆ ಬಿಡುವುದು ಇನ್ನೊಂದು.

ಇಲ್ಲಿ ಮಾಲೀಕ ಪ್ರತಿ ವರ್ಷ ಒಂದು ಜೂಜಾಡುತ್ತಾನೆ. ಸೆಪ್ಟೆಂಬರ್‌ನಲ್ಲಿ ಎಷ್ಟು ಕೊಯ್ಯುವುದು? ಜಾಸ್ತಿ ಕೊಯ್ದರೆ, ಅಕ್ಟೋಬರ್‌ನಲ್ಲಿ ಬೂಷ್ಟು ಚೆನ್ನಾಗಿ ಬಂದಾಗ ಬಳ್ಳಿಯಲ್ಲಿ ಹಣ್ಣೇ ಇಲ್ಲ. ಕಡಿಮೆ ಕೊಯ್ದರೆ, ಮಳೆ ಹಿಡಿದು ಎಲ್ಲವೂ ಕೊಳೆತು ಹೋಗಬಹುದು. 2010ರಂಥ ಚಳಿಮಳೆಯ ವರ್ಷದಲ್ಲಿ ಎರಡೂ ವೈನ್‌ಗೆ ಕಷ್ಟವಾಯಿತು. ಒಣ, ಬಿಸಿ ವರ್ಷಗಳಲ್ಲಿ ಅಸೂ ಸಿಗದಿದ್ದರೂ ಡ್ರೈ ವೈನ್ ಕೈಹಿಡಿಯುತ್ತದೆ. ಬೇಸಿಗೆಗಳು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ಮಾತಿನ ತೂಕ ಹೆಚ್ಚುತ್ತಿದೆ. ಹಾಗೆಂದು ಡ್ರೈ ವೈನ್‌ಗೂ ಬಿಸಿ ಸುಖವಲ್ಲ. ಸಕ್ಕರೆ ಬೇಗ ಏರಿ ಹುಳಿ ಕರಗುತ್ತದೆ.

ಪಕ್ಕಕ್ಕೆ ಒಂದು ಮಾತು. ಬೂಷ್ಟಿನ ಗೊಂಚಲನ್ನು ಬಿಡಿಸದೆ ಹಾಗೇ ಹಿಂಡಿ ಮಾಡುವ ಸಮೊರೊದ್ನಿ ಎಂಬ ಹಳೆಯ ಬಗೆ ಇದೆ. ಅದರ ಡ್ರೈ ರೂಪವನ್ನು ಪೀಪಾಯಿ ಪೂರ್ತಿ ತುಂಬದೆ, ಮೇಲೆ ಯೀಸ್ಟ್ ಪದರ ಕಟ್ಟುವಂತೆ ಬಿಟ್ಟು ಮಾಗಿಸುತ್ತಾರೆ. ಬಾದಾಮಿ, ಅಕ್ರೋಟಿನ ವಾಸನೆ, ಸ್ಪೇನ್‌ನ ಶೆರ್ರಿಯ ನೆನಪು. ಮಾಡುವವರು ಬೆರಳೆಣಿಕೆ ಮಂದಿ. ನನಗೆ ಕೇಳಿದರೆ ತೊಕಾಯ್‌ನ ಅತಿ ಕುತೂಹಲದ ಡ್ರೈ ವೈನ್ ಇದೇ, ಆದರೆ ಫುರ್ಮಿಂಟ್ ಪ್ರಕರಣಕ್ಕೆ ಇದು ಹೊರತು.

ಮೊದಲ ದಶಕದ ತಪ್ಪುಗಳು

ಶುರುವಿನ ಡ್ರೈ ಫುರ್ಮಿಂಟ್‌ಗಳಲ್ಲಿ ಅನೇಕವು ಅತಿಯಾಗಿದ್ದವು. ಫ್ರಾನ್ಸ್‌ನ ಬರ್ಗಂಡಿಯ ಬಿಳಿ ವೈನ್ ಕಣ್ಣ ಮುಂದೆ ಇಟ್ಟುಕೊಂಡು, ಹೊಸ ಓಕ್ ಪೀಪಾಯಿ ಧಾರಾಳವಾಗಿ ಬಳಸಿದರು. ತುಂಬಾ ಹಣ್ಣಾದ ದ್ರಾಕ್ಷಿ, ಏರಿದ ಆಲ್ಕೋಹಾಲ್, ಮರದ ವೆನಿಲಾ ವಾಸನೆ. ಒಂದು ಗುಟುಕಿಗೆ ಭಲೇ ಎನಿಸುತ್ತದೆ, ಎರಡನೇ ಲೋಟಕ್ಕೆ ಮನಸ್ಸು ಬಾರದು. ಬರಬರುತ್ತ ಕೈ ಹಗುರವಾಯಿತು. ಕೊಯ್ಲು ಬೇಗ, ಪೀಪಾಯಿ ಹಳೆಯದು ಅಥವಾ ದೊಡ್ಡದು. ಈಗಿನ ಒಳ್ಳೆಯ ಮಾದ್ ಫುರ್ಮಿಂಟ್‌ನಲ್ಲಿ ಹಸಿರು ಸೇಬು, ಮರಸೇಬು, ನಿಂಬೆಸಿಪ್ಪೆ, ತುಸು ಹೊಗೆ, ನಾಲಿಗೆಯ ಬದಿಯಲ್ಲಿ ಹಿಡಿದುಕೊಳ್ಳುವ ಹುಳಿ ಇರುತ್ತದೆ. ವಯಸ್ಸಾದಂತೆ ಜೇನಿನ ಸುಳಿವು ಬರುತ್ತದೆ, ಸಕ್ಕರೆ ಇಲ್ಲದೆಯೇ.

ಸಕ್ಕರೆ ಇಲ್ಲದೆ ಎಂದರೂ ಪೂರ್ತಿ ಸೊನ್ನೆ ಎಂದಲ್ಲ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಲೀಟರ್‌ಗೆ 4 ಗ್ರಾಂವರೆಗೆ ಸಕ್ಕರೆ ಇದ್ದರೆ ಡ್ರೈ. ಹುಳಿ ಜಾಸ್ತಿ ಇದ್ದರೆ 9 ಗ್ರಾಂವರೆಗೂ ಡ್ರೈ ಎನ್ನಬಹುದು, ಆದರೆ ಸಕ್ಕರೆಯ ಗ್ರಾಂ ಹುಳಿಯ ಗ್ರಾಂಗಿಂತ 2ಕ್ಕಿಂತ ಹೆಚ್ಚಿರಬಾರದು. ಫುರ್ಮಿಂಟ್‌ನಲ್ಲಿ ಹುಳಿಗೆ ಬರವಿಲ್ಲವಲ್ಲ, ಆದ್ದರಿಂದ ಈ ಸಡಿಲಿಕೆ ಇಲ್ಲಿ ಬಹಳ ಬಳಕೆಯಾಗುತ್ತದೆ. ಸಾರಿಗೆ ಚೂರು ಬೆಲ್ಲ ಹಾಕಿದ ಹಾಗೆ, ಆರೇಳು ಗ್ರಾಂ ಇದ್ದರೆ ಸಿಹಿ ಗೊತ್ತಾಗುವುದಿಲ್ಲ, ಹುಳಿಯ ಮೊನೆ ಮಾತ್ರ ಮೊಂಡಾಗುತ್ತದೆ. ಇದನ್ನು ಮೋಸ ಎನ್ನುವ ಕಟ್ಟುನಿಟ್ಟಿನ ಕುಡುಕರಿದ್ದಾರೆ. ಇಂಥ ವೈನ್ ಬಾಯಿಗೆ ಹಿತವಾಗಿದ್ದರೆ ನನಗೇನೂ ತಕರಾರಿಲ್ಲ.

ಹೆಸರಿನ ತೊಡಕು, ಹಣದ ತೊಡಕು

ಗುಣಮಟ್ಟದ ಪ್ರಶ್ನೆ ಬಹುಪಾಲು ಬಗೆಹರಿದಿದೆ. ಮಾರುವ ಪ್ರಶ್ನೆ ಬಗೆಹರಿದಿಲ್ಲ. ತೊಕಾಯ್ ಎಂಬ ಹೆಸರನ್ನು ಕಾಪಾಡಲು ಹಂಗೇರಿ ದೊಡ್ಡ ಹೋರಾಟ ಮಾಡಿತು. ಫ್ರಾನ್ಸ್‌ನ ಆಲ್ಸೇಸ್‌ನವರು ತಮ್ಮ ಪಿನೋ ಗ್ರಿ ವೈನ್‌ಗೆ ಇಟ್ಟುಕೊಂಡಿದ್ದ ತೊಕೇ ಹೆಸರನ್ನು, ಇಟಲಿಯ ಫ್ರಿಯುಲಿಯವರು ತೊಕಾಯ್ ಹೆಸರನ್ನು 2007ರಲ್ಲಿ ಬಿಡಬೇಕಾಯಿತು. ಆದರೆ ಹಾಗೆ ಉಳಿಸಿಕೊಂಡ ಹೆಸರನ್ನು ನೋಡಿದ ಗಿರಾಕಿ ಸಿಹಿ ಎಂದುಕೊಂಡು ಬಾಟಲಿ ವಾಪಸ್ ಇಡುತ್ತಾನೆ. ಫುರ್ಮಿಂಟ್ ಎಂದು ದೊಡ್ಡದಾಗಿ ಬರೆದರೆ ಆ ದ್ರಾಕ್ಷಿ ಸ್ಲೊವೇನಿಯಾದಲ್ಲಿ ಶಿಪೊನ್ ಹೆಸರಲ್ಲಿ, ಇನ್ನೂ ಕೆಲವೆಡೆ ಬೇರೆ ಹೆಸರಲ್ಲಿ ಬೆಳೆಯುತ್ತದೆ. ಬರೇ ದ್ರಾಕ್ಷಿಯ ಹೆಸರು ಊರಿಗೆ ಕಾವಲಲ್ಲ. ತೋಟದ ಹೆಸರನ್ನು ಹಂಗೇರಿ ಬಾರದವರು ಓದಲು ತಡವರಿಸುತ್ತಾರೆ. ಫೆಬ್ರವರಿಯಲ್ಲಿ ಫುರ್ಮಿಂಟ್ ಹಬ್ಬ ನಡೆಸುತ್ತಾರೆ, ಅದು ಬುಡಾಪೆಸ್ಟ್‌ನಲ್ಲಿ ಜನ ಸೇರಿಸುತ್ತದೆ. ಹೊರದೇಶದ ಅಂಗಡಿಯ ಕಪಾಟಿನಲ್ಲಿ ಕೆಲಸ ಇನ್ನೂ ಬಾಕಿ ಇದೆ.

2013ರಲ್ಲಿ ನಿಯಮ ಬದಲಿಸಿ, 3 ಮತ್ತು 4 ಪುತ್ತೋನ್‌ನ ಅಸೂಗಳನ್ನು ಕೈಬಿಟ್ಟರು. ಈಗ ಅಸೂ ಎಂದರೆ ಲೀಟರ್‌ಗೆ ಕನಿಷ್ಠ 120 ಗ್ರಾಂ ಸಕ್ಕರೆ. ಇದು ಒಳ್ಳೆಯ ನಿರ್ಧಾರ ಎಂದು ನನಗನಿಸುತ್ತದೆ. ನಡುವಿನ ಅರೆಮನಸ್ಸಿನ ಸಿಹಿ ಕಡಿಮೆಯಾಗಿ, ಅಸೂ ಒಂದು ಕಡೆ, ಡ್ರೈ ಒಂದು ಕಡೆ ಸ್ಪಷ್ಟವಾಗಿ ನಿಂತವು.

ಹಣದ ಮಾತು ಸ್ವಲ್ಪ ಕಹಿ. ಹೆಸರು ಮಾಡಿದ ಮನೆಗಳು ಬೆರಳೆಣಿಕೆಗಿಂತ ಹೆಚ್ಚೇ ಇವೆ. ಆದರೆ ಪ್ರದೇಶದ ಸುಮಾರು ಐದೂವರೆ ಸಾವಿರ ಹೆಕ್ಟೇರ್‌ನಲ್ಲಿ ಬಹಳಷ್ಟು ಸಣ್ಣ ಬೆಳೆಗಾರರ ಕೈಯಲ್ಲಿದೆ. ಅವರಲ್ಲಿ ಅನೇಕರು ವೈನ್ ಮಾಡುವುದಿಲ್ಲ, ಹಣ್ಣು ಮಾರುತ್ತಾರೆ. ಸರ್ಕಾರಿ ಕಂಪನಿ ಗ್ರ್ಯಾಂಡ್ ತೊಕಾಯ್ ಅಂಥವರಿಂದ ಕೊಳ್ಳುವ ದೊಡ್ಡ ಖರೀದಿದಾರ. ಕಿಲೋ ಲೆಕ್ಕದಲ್ಲಿ ದುಡ್ಡು ಸಿಗುವವರೆಗೆ ಹಸಿರು ಗೊಂಚಲು ಕತ್ತರಿಸಿ ಬಿಸಾಕು ಎಂದರೆ ಯಾವ ರೈತ ಕೇಳುತ್ತಾನೆ? ಊರಾದ್ಯದ ಪಾಠ ತನ್ನದೇ ತೋಟ, ತನ್ನದೇ ನೆಲಮಾಳಿಗೆ, ತನ್ನದೇ ಲೇಬಲ್ ಇದ್ದವರಿಗೆ ಸುಲಭವಾಗಿ ದಕ್ಕಿತು. ಸೂಪರ್‌ಮಾರ್ಕೆಟ್‌ನ ಅಗ್ಗದ ಅರೆಸಿಹಿ ಫುರ್ಮಿಂಟ್ ಇನ್ನೂ ಹರಿಯುತ್ತಿರುವುದು ಅದಕ್ಕೇ.

ಎಲ್ಲಾದರೂ ಇದರ ಬಾಟಲಿ ಕೈಗೆ ಸಿಕ್ಕಿದರೆ ಮೊದಲು ಗಾತ್ರ ನೋಡಿ: ಅಸೂ ಅರ್ಧ ಲೀಟರ್, ಡ್ರೈ ವೈನ್ ಸಾಮಾನ್ಯವಾಗಿ 750 ಮಿಲಿ. ಲೇಬಲ್ ಮೇಲೆ ಸಾರಜ್ ಎಂಬ ಹಂಗೇರಿಯನ್ ಪದ ಇದ್ದರೆ ಡ್ರೈ, ಫೇಲೇದೆಶ್ ಎಂದಿದ್ದರೆ ಅರೆಸಿಹಿ. ದ್ಯೂಲೋ ಎಂದು ಬರೆದ ಪಕ್ಕದಲ್ಲಿರುವುದು ತೋಟದ ಹೆಸರು. ತೀರಾ ತಣ್ಣಗೆ ಮಾಡಬೇಡಿ, ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಜೊತೆಗೆ ಕರಿದ ಮೀನು ಇದ್ದರೆ ಚೆನ್ನಾಗಿ ಹೊಂದುತ್ತದೆ.